ಹೆಸರು ಒಂದೇ, ದಾರಿ ಎರಡು

ಮೆಣಸಗಿಯಂಥ ಊರಲ್ಲಿ ಇಬ್ಬರು ಬಸಪ್ಪಂದಿರಿದ್ದರೆ ಅಂಚೆಯಣ್ಣ ಅಡ್ಡಹೆಸರು ಕೇಳುತ್ತಾನೆ. ಲಿನಕ್ಸ್ ಗಣಕ ಕೇಳುವುದಿಲ್ಲ. ಫೋಲ್ಡರಿನಿಂದ ಫೋಲ್ಡರಿಗೆ ಜಿಗಿಸುವ ‘ಝಡ್’ ಮತ್ತು ‘ಝಾಕ್ಸೈಡ್’ ಎರಡಕ್ಕೂ ಆದೇಶ ಒಂದೇ ಅಕ್ಷರ: ಝಡ್. ಎರಡನ್ನೂ ಹಾಕಿಕೊಂಡರೆ ಒಂದು ಇನ್ನೊಂದನ್ನು ಮರೆಮಾಡುತ್ತದೆ.

ಬ್ಯಾಷ್ ಮೊದಲು ಅಲಿಯಾಸ್, ನಂತರ ಫಂಕ್ಷನ್, ಆಮೇಲೆ ತನ್ನೊಳಗಿನ ಆದೇಶ, ಕೊನೆಗೆ ‘ಪಾತ್’ ಪಟ್ಟಿ ಹುಡುಕುತ್ತದೆ. ‘ಟೈಪ್ -ಎ ಝಡ್’ ಎಂದು ಕೊಟ್ಟರೆ ಆ ಹೆಸರಿನವೆಲ್ಲ ಇದೇ ಕ್ರಮದಲ್ಲಿ ಕಾಣುತ್ತವೆ. ನಡೆಯುವುದು ಮೊದಲನೆಯದು. ಒಂದನ್ನು ತೆಗೆಯಿರಿ, ಇಲ್ಲವೇ ಝಾಕ್ಸೈಡ್‌ನ ಆರಂಭದ ಸಾಲಿಗೆ ‘--ಸಿಎಂಡಿ ಜೆ’ ಸೇರಿಸಿ, ಬೇರೆ ಹೆಸರಿಡಿ.

ವಿದ್ಯಾರ್ಥಿಗಳೇ, ಕಡತ ಅಳಿಸುವ ಮುನ್ನ ‘ಪಿಡಬ್ಲ್ಯುಡಿ’ ಕೊಟ್ಟು ನಿಂತ ಜಾಗ ನೋಡಿಕೊಳ್ಳಿ. ಇದು ಲೋಕೋಪಯೋಗಿ ಇಲಾಖೆಯಲ್ಲ! ತಪ್ಪು ಫೋಲ್ಡರಿನಲ್ಲಿ ‘ಆರ್‌ಎಂ’ ಕೊಟ್ಟರೆ ವರ್ಷದ ಪ್ರಾಜೆಕ್ಟ್ ಕಸದ ಬುಟ್ಟಿಗೂ ಬೀಳದೆ ಮಾಯವಾದೀತು.