ತೆಂಕಣ ವಿಶ್ವವಿದ್ಯಾಲಯಗಳೂ ನಮ್ಮ ಕನ್ನಡ ವಿದ್ಯಾರ್ಥಿಗಳೂ

ಹೈಯರ್ ಸೆಕೆಂಡರಿ ಮುಗಿಸಲಿರುವ ನಮ್ಮ ವಿದ್ಯಾರ್ಥಿಗಳನ್ನು ಮುಂದಿನ ವ್ಯಾಸಂಗವೆಲ್ಲಿ ಎಂದು ವಿಚಾರಿಸಿದರೆ ಬಹುಮಂದಿಯ ಬಾಯಿಂದ ಬರುವ ಉತ್ತರ ಮಂಗಳೂರು ಎಂಬುದೇ. ಅದು ಸಹಜವೂ ಹೌದು. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿ.ಮೀ.; ಬೆಳಿಗ್ಗೆ ರೈಲು ಹತ್ತಿದವನು ರಾತ್ರಿಯ ಊಟಕ್ಕೆ ಮನೆಗೆ ಬರಬಹುದು. ಕೊಚ್ಚಿಯಾದರೋ ಅದಕ್ಕೆ ಏಳೆಂಟು ಪಟ್ಟು ದೂರ. ತಿರುವನಂತಪುರವಂತೂ 500 ಕಿ.ಮೀ.ಗೂ ಮಿಕ್ಕಿದ ಹಾದಿ. ಆದರೆ ನಮ್ಮ ಮಕ್ಕಳನ್ನು ತಡೆಯುತ್ತಿರುವುದು ಬರಿಯ ದೂರವೆಂದು ನಾವು ನಂಬಲಾರೆವು. "ಅಲ್ಲಿ ನಮ್ಮನ್ನು ಕೇಳುವವರಾರು?" ಎಂಬ ಅಂಜಿಕೆ ದೂರಕ್ಕಿಂತಲೂ ದೊಡ್ಡದು. ಈ ಅಂಜಿಕೆಯಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದನ್ನು ಕೇರಿ ನೋಡಬೇಕಾಗಿದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದುದು, ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರಿಗೆ ಕೊಡಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದುದು, ಆ ಶಿಫಾರಸು ಕಾಗದದಲ್ಲಿಯೇ ಉಳಿದುದು, ಇವೆಲ್ಲ ನೀವು ಹಿರಿಯರಿಂದ ಕೇಳಿದ ಸಂಗತಿಗಳು. ಆ ವ್ಯಾಜ್ಯವನ್ನು ನಾವಿಲ್ಲಿ ಎತ್ತುವುದಿಲ್ಲ. ವ್ಯಾಜ್ಯ ತೀರುವ ತನಕ ಹುಡುಗರ ವಯಸ್ಸು ಕಾದು ನಿಲ್ಲುವುದಿಲ್ಲವಷ್ಟೆ.

ತಿರುವನಂತಪುರದ ವಿಶ್ವವಿದ್ಯಾಲಯವು 1937ರಲ್ಲಿ ತಿರುವಾಂಕೂರಿನ ಹೆಸರಿನಿಂದ ಹುಟ್ಟಿ 1957ರಲ್ಲಿ ಕೇರಳ ವಿಶ್ವವಿದ್ಯಾಲಯವೆನಿಸಿತು. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವು 1971ರಲ್ಲಿ ಸ್ಥಾಪಿತವಾದುದು. ಇವುಗಳಿಗೆ ಹಣವೀಯುವ ರಾಜ್ಯದ ಬೊಕ್ಕಸಕ್ಕೆ ಮಂಜೇಶ್ವರದ ಅಡಕೆ ಬೆಳೆಗಾರನೂ ಕುಂಬಳೆಯ ಅಂಗಡಿಕಾರನೂ ತೆರಿಗೆ ತೆರುತ್ತಾರೆ. ಸರಕಾರವು ನಡೆಸುವ ಅಥವಾ ಸರಕಾರದ ನೆರವು ಪಡೆಯುವ ಯಾವ ವಿದ್ಯಾಸಂಸ್ಥೆಯೂ ಭಾಷೆಯ ಕಾರಣವೊಂದರಿಂದಲೇ ಯಾವ ಪೌರನಿಗೂ ಪ್ರವೇಶವನ್ನು ನಿರಾಕರಿಸಕೂಡದೆಂದು ನಮ್ಮ ಸಂವಿಧಾನದ 29ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆದುದರಿಂದ ಕನ್ನಡ ಮಾಧ್ಯಮದಲ್ಲಿ ಓದಿದ ಕಾಸರಗೋಡಿನ ಹುಡುಗಿ ತಿರುವನಂತಪುರದ ಕಾಲೇಜಿನ ಬಾಗಿಲಲ್ಲಿ ಅತಿಥಿಯಂತೆ ಸಂಕೋಚಪಟ್ಟು ನಿಲ್ಲಬೇಕಾದುದಿಲ್ಲ.

ಇಷ್ಟು ಕಾಳು. ಇನ್ನು ತೊಡಕನ್ನು ಹೇಳಬೇಕು. 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ಒದಗಿಸಬೇಕೆನ್ನುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಆಮೇಲೆ ರಾಜ್ಯದ ಔದಾರ್ಯ. ಹತ್ತನೆಯ ತರಗತಿಯ ಪರೀಕ್ಷೆಯನ್ನು ನಮ್ಮವರು ಕನ್ನಡದಲ್ಲಿ ಬರೆಯಬಹುದು. ಅಲ್ಲಿಂದ ಮೇಲೆ ಪಾಠ ಇಂಗ್ಲಿಷಿನಲ್ಲಿ, ಪಾಠದ ನಡುವಣ ವಿವರಣೆ ಮಲಯಾಳದಲ್ಲಿ, ಹಾಸ್ಟೆಲಿನ ಮಾತು ಮಲಯಾಳದಲ್ಲಿ. ಬಾಗಿಲು ತೆರೆದಿದ್ದರೂ ಒಳಗಿನ ದೀಪ ಕಾಣದವನ ಸ್ಥಿತಿ ಕನ್ನಡ ವಿದ್ಯಾರ್ಥಿಯದು. ಎಸ್.ಎಸ್.ಎಲ್.ಸಿ.ವರೆಗೆ ಕನ್ನಡದಲ್ಲಿಯೇ ಓದಿ, ಘಟ್ಟದ ಮೇಲಿನಿಂದ ಈ ನಗರಕ್ಕೆ ಅಧ್ಯಾಪನಕ್ಕಾಗಿ ಬಂದ ನಮಗೂ ಅಂಥ ಕತ್ತಲೆಯ ಪರಿಚಯವುಂಟು.

ಕೊಚ್ಚಿಯ ಸುತ್ತಣ ಊರುಗಳಲ್ಲಿ ನಡೆದಿರುವ ಒಂದು ಪ್ರಯತ್ನವನ್ನು ಇಲ್ಲಿ ನೆನೆಯಬೇಕು. ಬಂಗಾಳ, ಒಡಿಶಾ, ಬಿಹಾರಗಳಿಂದ ಬಂದ ಕೂಲಿಕಾರರ ಮಕ್ಕಳು ಮಲಯಾಳ ತಿಳಿಯದೆ ಶಾಲೆ ಬಿಡುತ್ತಿದ್ದುದನ್ನು ಕಂಡು ಎರ್ನಾಕುಳಂ ಜಿಲ್ಲಾಡಳಿತವು 2017ರಲ್ಲಿ 'ರೋಶ್ನಿ' ಎಂಬ ಯೋಜನೆಯನ್ನು ಆರಂಭಿಸಿತು. ಆ ಮಕ್ಕಳ ಭಾಷೆಯನ್ನು ಬಲ್ಲ ಸ್ವಯಂಸೇವಕರು ಶಾಲೆಯ ವೇಳೆಗೆ ಮೊದಲೇ ಅವರನ್ನು ಕೂಡಿಸಿಕೊಂಡು, ಅವರ ನುಡಿಯ ಮೂಲಕವೇ ಮಲಯಾಳವನ್ನು ಕಲಿಸತೊಡಗಿದರು. ಬಿಹಾರದಿಂದ ವಲಸೆ ಬಂದ ಕಾರ್ಮಿಕ ಕುಟುಂಬದ ಹೆಣ್ಣುಮಗಳೊಬ್ಬಳು 2020ರಲ್ಲಿ ಮಹಾತ್ಮಾ ಗಾಂಧಿ ವಿಶ್ವವಿದ್ಯಾಲಯದ ಬಿ.ಎ. ಪರೀಕ್ಷೆಯಲ್ಲಿ ತನ್ನ ವಿಷಯದಲ್ಲಿ ಪ್ರಥಮಸ್ಥಾನ ಪಡೆದ ಸುದ್ದಿಯನ್ನು ನೀವೂ ಕೇಳಿರಬಹುದು. ವಲಸೆಗಾರರಿಗೆ ಇಷ್ಟು ಅಕ್ಕರೆ ತೋರಿದ ರಾಜ್ಯವು ತನ್ನ ಬಡಗಣ ಜಿಲ್ಲೆಯ ಸ್ವಂತ ಮಕ್ಕಳನ್ನು ಕಾಲೇಜಿನ ಮೊದಲ ವರ್ಷದಲ್ಲಿ ಹೀಗೆಯೇ ಕೈಹಿಡಿದು ನಡೆಸಬಾರದೇಕೆ? ಆರು ತಿಂಗಳ ಮಲಯಾಳ ಪಾಠ, ಕನ್ನಡ ಬಲ್ಲ ಒಬ್ಬ ಗುಮಾಸ್ತ, ಪ್ರವೇಶದ ನಿಯಮಗಳ ಒಂದು ಕನ್ನಡ ಪ್ರತಿ. ನಾವು ಕೇಳುವುದು ಇಷ್ಟೇ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ.

ಅಮೆರಿಕದಲ್ಲಿ ಇದಕ್ಕಿಂತ ಕಠಿನವಾದ ಪ್ರಶ್ನೆಯೆದ್ದಿದೆ. ಮೆಕ್ಸಿಕೊ ಮೊದಲಾದ ದೇಶಗಳಿಂದ ತಾಯಿತಂದೆಯರ ಬೆನ್ನುಹಿಡಿದು ಬಂದು, ವಾಸದ ಕಾಗದಪತ್ರವಿಲ್ಲದೆಯೇ ಬೆಳೆದ ಮಕ್ಕಳು ಅಲ್ಲಿ ಅನೇಕರಿದ್ದಾರೆ. ಅವರಿಗೆ ಶಾಲೆಯ ಬಾಗಿಲನ್ನು ಮುಚ್ಚಕೂಡದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ತೀರ್ಪಿತ್ತಿತು. ಕಾಲೇಜಿನ ಮಾತು ಆ ತೀರ್ಪಿನಲ್ಲಿರಲಿಲ್ಲ. 2001ರಲ್ಲಿ ಟೆಕ್ಸಾಸ್, ಕ್ಯಾಲಿಫೋರ್ನಿಯಾ ರಾಜ್ಯಗಳು, ತಮ್ಮ ಶಾಲೆಗಳಲ್ಲಿ ಕೆಲವು ವರ್ಷ ಓದಿದ ಮಕ್ಕಳಿಂದ ಊರ ಮಕ್ಕಳಷ್ಟೇ ಶುಲ್ಕ ಪಡೆಯತಕ್ಕದ್ದೆಂದು ಕಾಯಿದೆ ಮಾಡಿದುವು. ಟೆಕ್ಸಾಸಿನ ಕಾಯಿದೆ 2025ರ ಜೂನಿನಲ್ಲಿ ನ್ಯಾಯಾಲಯದ ಆಜ್ಞೆಯಿಂದ ನಿಂತುಹೋಯಿತು. ಇಪ್ಪತ್ತನಾಲ್ಕು ವರ್ಷ ನಡೆದ ಸೌಕರ್ಯ ಒಂದು ದಿನದಲ್ಲಿ ಇಲ್ಲವಾಯಿತು! ಆ ಮಕ್ಕಳ ಪಾಡಿಗೆ ಹೋಲಿಸಿದರೆ ನಿಮ್ಮದು ಎಷ್ಟೋ ವಾಸಿ. ನೀವು ಈ ದೇಶದ ಪೌರರು, ಮತ್ತು ನಿಮ್ಮ ಕಾಗದಗಳನ್ನು ಕೇಳಿದರೆ ಕೊಡುವ ಕಚೇರಿಯೊಂದಿದೆ.

ಕಾಗದದ ಮಾತು ಬಂದುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಕೇರಳದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಇಲ್ಲಿ ಹುಟ್ಟಿದವನಿಗೊಂದು ವರ್ಗ, ಹೊರಗಿನಿಂದ ಬಂದು ಇಲ್ಲಿ ಕೆಲವು ವರ್ಷ ನೆಲಸಿ ಓದಿದವನಿಗೊಂದು ವರ್ಗ. ಎರಡನೆಯವನನ್ನೂ ರಾಜ್ಯದ ಅರ್ಹತಾ ಸೀಟುಗಳಿಗೆ ಪರಿಗಣಿಸುತ್ತಾರೆ. ಸಮುದಾಯದ ಮೀಸಲಾತಿಯೂ ಶುಲ್ಕದ ರಿಯಾಯಿತಿಯೂ ಅವನಿಗಿಲ್ಲ. ನಮ್ಮಂತೆ ಕರ್ನಾಟಕದಿಂದ ಬಂದವರ ಮಕ್ಕಳು ಇದನ್ನು ಮೊದಲೇ ಅರಿತಿರಬೇಕು. ಕರ್ನಾಟಕದ ಕಡೆಯಲ್ಲಿಯೂ ಒಂದು ಬಾಗಿಲಿದೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿ ಏಳು ವರ್ಷ ಓದಿದ ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳು ಅಲ್ಲಿಯ ಸಾಮಾನ್ಯ ಪ್ರವೇಶ ಪರೀಕ್ಷೆಗೆ ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕಬಹುದು. ಒಂದು ಕನ್ನಡ ಪರೀಕ್ಷೆಯನ್ನು ಬರೆದು ತೇರ್ಗಡೆಯಾಗಬೇಕು. ಕನ್ನಡವನ್ನು ಮನೆಮಾತೆಂದು ಅಸಡ್ಡೆಮಾಡಿ ಕಾಗುಣಿತ ಕೆಡಿಸಿಕೊಂಡವರಿಗೆ ಅಲ್ಲಿ ಮರ್ಯಾದೆಯಿಲ್ಲ.

ಮಲಯಾಳದ ವಿಷಯದಲ್ಲಿ ನಮ್ಮ ಅಭಿಪ್ರಾಯ ಕೆಲವರಿಗೆ ಹಿಡಿಸಲಾರದು. ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಮಾಡುವ ಕಾಯಿದೆ 2017ರಲ್ಲಿ ಬಂದಾಗ ಇಲ್ಲಿಯ ಕನ್ನಡಿಗರು ಪ್ರತಿಭಟಿಸಿದರು. ಅದು ನ್ಯಾಯವೆಂದೇ ನಾವು ಬಗೆಯುತ್ತೇವೆ. ಆದರೆ ಹೇರಿಕೆಗೆ ಸಿಟ್ಟಾಗಿ ಭಾಷೆಯನ್ನೇ ದೂರವಿಡುವುದು ಮೂಗಿನ ಮೇಲಣ ಸಿಟ್ಟಿಗೆ ಮೂಗನ್ನೇ ಕೊಯ್ದುಕೊಂಡಂತೆ. ಮಂಜೇಶ್ವರದ ಗೋವಿಂದ ಪೈಗಳು ಎಷ್ಟೋ ಭಾಷೆಗಳನ್ನು ಕಲಿತರು. ಅದರಿಂದ ಅವರ ಕನ್ನಡವೇನೂ ಬಡವಾಗಲಿಲ್ಲ. ಪೇಟೆಯಲ್ಲಿ ಮೀನು ಕೊಳ್ಳುವಾಗ, ಚೆಂಡಾಟದಲ್ಲಿ ಜಗಳವಾಡುವಾಗ ನಿಮಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ. ಲಿಪಿಯೊಂದನ್ನು ಎರಡು ಬೇಸಗೆ ರಜೆಗಳಲ್ಲಿ ಕಲಿತರೆ ತಿರುವನಂತಪುರದ ಅರ್ಧ ದೂರ ಕಳೆಯಿತು.

ಕೊನೆಯದಾಗಿ, ಚಿಕ್ಕದಾದರೂ ಹಲವರನ್ನು ಕಾಡುವ ತೊಂದರೆ ಹೆಸರಿನದು. ಕನ್ನಡದ ಹೆಸರು ಮಲಯಾಳದ ದಾರಿಯಿಂದ ಇಂಗ್ಲಿಷಿಗೆ ಹೋಗುವಾಗ ಅಕ್ಷರ ಬದಲಾಗುತ್ತದೆ. ಶಾಲೆಯ ದಾಖಲೆಯಲ್ಲೊಂದು, ರೇಷನ್ ಕಾರ್ಡಿನಲ್ಲೊಂದು, ಆಧಾರದಲ್ಲಿ ಇನ್ನೊಂದು. ಪ್ರವೇಶದ ಕೊನೆಯ ದಿನ ಇದು ಬೆಳಕಿಗೆ ಬಂದರೆ ತಿದ್ದಿಸುವುದೆಲ್ಲಿ? ಈ ವರ್ಷ ಹನ್ನೆರಡನೆಯ ತರಗತಿಯಲ್ಲಿರುವವರು ತಮ್ಮ ನೇಟಿವಿಟಿ ಸರ್ಟಿಫಿಕೇಟು ಮುಂತಾದ ಕಾಗದಗಳನ್ನು ವಿಲೇಜ್ ಆಫೀಸಿನಿಂದ ಕ್ರಿಸ್‌ಮಸ್ ರಜೆಯೊಳಗೆ ತಂದು ಅಧ್ಯಾಪಕರ ಕೊಠಡಿಯಲ್ಲಿ ತೋರಿಸಲಿ. ಶನಿವಾರಗಳಂದು ಮಧ್ಯಾಹ್ನದ ತನಕ ನಾವು ಅಲ್ಲಿರುತ್ತೇವೆ.