ತಾರೀಖು ಕೊಡುವವರ ಅಧಿಕಾರ

ಖಾಸಬಾಗದ ನೇಕಾರನೊಬ್ಬ ಪಕ್ಕದ ಮನೆಯವನೊಂದಿಗೆ ಗೋಡೆಯ ತಕರಾರಿಗೆ ಬಿದ್ದನೆನ್ನಿ. ಖಟ್ಲೆ ಬೆಳಗಾವಿಯ ಕೋರ್ಟಿನಲ್ಲಿ ಶುರುವಾಗಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಏರುತ್ತದೆ. (2008ರಲ್ಲಿ ಆ ಪೀಠ ಬರುವ ಮುಂಚೆ ಬೆಂಗಳೂರೇ ಗತಿಯಾಗಿತ್ತು.) ಅಲ್ಲೂ ಸೋತವನು ಹಟ ಬಿಡದಿದ್ದರೆ ದೆಹಲಿಗೂ ಹೋಗಬಹುದು. ಸೇನಾ ನ್ಯಾಯಾಲಯಗಳನ್ನು ಬಿಟ್ಟು ದೇಶದ ಯಾವುದೇ ನ್ಯಾಯಾಲಯದ ಆದೇಶದ ಮೇಲೂ ಮೇಲ್ಮನವಿಗೆ ವಿಶೇಷ ಅನುಮತಿ ಕೊಡುವ ಅಧಿಕಾರವನ್ನು ಸಂವಿಧಾನದ 136ನೇ ವಿಧಿ ಸುಪ್ರೀಂ ಕೋರ್ಟಿಗೆ ಕೊಟ್ಟಿದೆ. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದು ಪೂರ್ತಿ ನ್ಯಾಯಮೂರ್ತಿಗಳ ವಿವೇಚನೆ.

ಈ ಅಧಿಕಾರವನ್ನು ಅಪರೂಪಕ್ಕೆ ಮಾತ್ರ ಬಳಸಬೇಕು ಎಂದು ಅದೇ ನ್ಯಾಯಾಲಯ ತಾನು ಹುಟ್ಟಿದ 1950ರಲ್ಲೇ, ಪ್ರೀತಮ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಆಗ ಇದ್ದದ್ದು ನ್ಯಾಯಮೂರ್ತಿಗಳ ಎಂಟು ಹುದ್ದೆಗಳು. ಈಗ 34 ಹುದ್ದೆಗಳಿವೆ, ಬಾಕಿ ಪ್ರಕರಣಗಳು 80 ಸಾವಿರ ದಾಟಿವೆ. ಅನುಮತಿಗೆ ಮಾನದಂಡ ಗೊತ್ತುಪಡಿಸಿ ಎಂಬ ಪ್ರಶ್ನೆ ಸಂವಿಧಾನ ಪೀಠದವರೆಗೂ ಹೋಯಿತು. 2016ರ ಜನವರಿಯಲ್ಲಿ ಐವರು ನ್ಯಾಯಮೂರ್ತಿಗಳು ವಿವೇಚನೆಗೆ ಬೇಲಿ ಹಾಕುವುದು ಬೇಡ ಎಂದು ಅದನ್ನು ಮುಗಿಸಿಬಿಟ್ಟರು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂಬತ್ತು ಜನರಲ್ಲಿ ನಾಲ್ವರು ಒಪ್ಪಿದರೆ ಪ್ರಕರಣ ಒಳಗೆ, ಇಲ್ಲದಿದ್ದರೆ ಹೊರಗೆ. ಅಲ್ಲಿ ವರ್ಷಕ್ಕೆ ಕೇಳುವುದು ನೂರಕ್ಕೂ ಕಡಿಮೆ. ನಮ್ಮವರು ಕದ ಅಗಲವಾಗಿ ತೆರೆದಿಟ್ಟು ಬಂದವರನ್ನು ಪಡಸಾಲೆಯಲ್ಲಿ ಕೂರಿಸುತ್ತಾರೆ.

ಆದ್ದರಿಂದ ನಮ್ಮಲ್ಲಿ ನಿಜವಾದ ಆಯ್ಕೆ ನಡೆಯುವುದು ಪ್ರವೇಶದ ಹಂತದಲ್ಲಿ ಅಲ್ಲ, ತಾರೀಖಿನಲ್ಲಿ. ಅನುಮತಿ ನಿರಾಕರಿಸಿದರೆ ಒಂದು ಸಾಲಿನ ಆದೇಶವಾದರೂ ಕೈಗೆ ಸಿಗುತ್ತದೆ. ವಿಚಾರಣೆಗೇ ಬಾರದ ಪ್ರಕರಣಕ್ಕೆ ಅದೂ ಇಲ್ಲ, ಪ್ರಶ್ನಿಸಲು ಏನೂ ಇಲ್ಲ.

ಇದನ್ನು ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಗಾವಿ, ಖಾನಾಪುರ, ನಿಪ್ಪಾಣಿ, ಕಾರವಾರ ಮತ್ತು ನೂರಾರು ಹಳ್ಳಿಗಳು ತನಗೆ ಸೇರಬೇಕೆಂದು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಇದು 131ನೇ ವಿಧಿಯ ಮೂಲ ದಾವೆ. ರಾಜ್ಯ ರಾಜ್ಯಗಳ ನಡುವಿನ ಇಂಥ ವ್ಯಾಜ್ಯಕ್ಕೆ ಬೇರೆ ಕೋರ್ಟೇ ಇಲ್ಲ, ಅನುಮತಿ ಕೇಳುವ ಹಂತವೂ ಇಲ್ಲ. ಕರ್ನಾಟಕದ ವಾದ ನೇರವಾಗಿದೆ: ಗಡಿ ಬದಲಿಸುವ ಅಧಿಕಾರ 3ನೇ ವಿಧಿಯಂತೆ ಸಂಸತ್ತಿನದು, 1956ರ ಪುನರ್ವಿಂಗಡಣೆ ಕಾಯ್ದೆಯನ್ನು ಇಷ್ಟು ವರ್ಷಗಳ ನಂತರ ಕೆದಕುವಂತಿಲ್ಲ, ದಾವೆಯೇ ನಿಲ್ಲದು. ಈ ವಾದ ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಹಳ್ಳಿ ಹಳ್ಳಿಯ ಭಾಷಾ ಲೆಕ್ಕ ಬೇಕಿಲ್ಲ, ಸಂವಿಧಾನದ ಪುಟಗಳು ಸಾಕು. ಆದರೂ ಎರಡು ದಶಕ ಕಳೆದಿದೆ. ತಿರಸ್ಕರಿಸಲಾಗದ ದಾವೆಯನ್ನೂ ಕೇಳದೆ ಇಡಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹಾಗೇ ಇರಲಿ ಬಿಡಿ, ತೀರ್ಪು ಬಂದರೆ ಗಲಾಟೆ, ಬರದಿದ್ದರೆ ಶಾಂತಿ ಎನ್ನುವವರಿದ್ದಾರೆ. ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ರವಿವಾರ ಖಾಸಬಾಗದ ಸಂತೆಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಚೌಕಾಸಿ ನಡೆಯುತ್ತದೆ, ಅದಕ್ಕೆ ಯಾವ ಕೋರ್ಟಿನ ಆದೇಶವೂ ಬೇಕಿಲ್ಲ. ಆದರೆ ಬಾಕಿ ದಾವೆ ಸುಮ್ಮನೆ ಮಲಗಿರುವುದಿಲ್ಲ. 2022ರ ಕೊನೆಯಲ್ಲಿ ವಿಚಾರಣೆ ಬರುತ್ತದೆಂಬ ಸುದ್ದಿ ಹಬ್ಬಿತು. ಡಿಸೆಂಬರ್ 6ರಂದು ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು, ಆ ಕಡೆ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಡಿಸೆಂಬರ್ 14ರಂದು ಕೇಂದ್ರ ಗೃಹಸಚಿವರು ಇಬ್ಬರು ಮುಖ್ಯಮಂತ್ರಿಗಳನ್ನೂ ದೆಹಲಿಗೆ ಕರೆಸಿದರು. ಅಲ್ಲಿ ಆದ ಒಪ್ಪಂದವೇನು? ಸುಪ್ರೀಂ ಕೋರ್ಟಿನ ತೀರ್ಪು ಬರುವವರೆಗೆ ಯಾರೂ ಪರಸ್ಪರರ ನೆಲಕ್ಕೆ ಹಕ್ಕು ಸಾಧಿಸುವಂತಿಲ್ಲ! ರಾಜಕಾರಣಿ ಕೋರ್ಟಿನ ಕಡೆ ಕೈ ತೋರಿಸುತ್ತಾನೆ, ಕೋರ್ಟು ತಾರೀಖು ಮುಂದೂಡುತ್ತದೆ. ಇಬ್ಬರಿಗೂ ಇದು ಅನುಕೂಲ.

ಮಹದಾಯಿ ನೀರನ್ನು ತಿರುಗಿಸುವ ಕಳಸಾ ಕಾಮಗಾರಿಯ ಊರಾದ ಖಾನಾಪುರದ ಕಣಕುಂಬಿಯ ಕತೆ ಇದರ ಇನ್ನೊಂದು ಮಗ್ಗುಲು. ಅಂತರರಾಜ್ಯ ನದಿ ವ್ಯಾಜ್ಯಗಳನ್ನು 262ನೇ ವಿಧಿ ಮತ್ತು 1956ರ ಜಲವಿವಾದ ಕಾಯ್ದೆ ನ್ಯಾಯಾಲಯದಿಂದ ಹೊರಗಿಟ್ಟಿವೆ. ಆದರೆ 2016ರ ಡಿಸೆಂಬರಿನಲ್ಲಿ, ಕಾವೇರಿ ಪ್ರಕರಣದಲ್ಲಿ, ನ್ಯಾಯಮಂಡಳಿಯ ತೀರ್ಪಿನ ಮೇಲೆ 136ರ ಅಡಿ ಮೇಲ್ಮನವಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ ತಾನೇ ದಾರಿ ಮಾಡಿಕೊಂಡಿತು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಕೊಟ್ಟಿತು, ಅದರಲ್ಲಿ ಕಳಸಾ-ಬಂಡೂರಿ ಯೋಜನೆಗೆ 3.9. ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ರಾಜ್ಯಗಳು ದೆಹಲಿಯ ಮೆಟ್ಟಿಲು ಹತ್ತಿದವು. ಅಂದರೆ ತನ್ನದಲ್ಲದ ಪ್ರಕರಣವನ್ನು ನ್ಯಾಯಾಲಯ ಒಳಗೆ ಕರೆದುಕೊಂಡಿದೆ, ತಾನು ಮಾತ್ರವೇ ಕೇಳಬೇಕಾದುದನ್ನು ಬದಿಗಿಟ್ಟಿದೆ.

ಗೋಡೆಯ ತಕರಾರಿನವನಿಗೆ ದೆಹಲಿಯ ಬಾಗಿಲು ಮುಚ್ಚಬೇಕೆಂದು ನಾನು ಹೇಳುವುದಿಲ್ಲ. ಕೆಳಗಿನ ಕೋರ್ಟು ತಪ್ಪಿದಾಗ ಕೊನೆಗೆ ಒಬ್ಬರಾದರೂ ಕೇಳಬೇಕು. ಆದರೆ ಆ ಬಾಗಿಲು ಹತ್ತಿರದವರಿಗೇ ಹೆಚ್ಚು ತೆರೆದಿದೆ. ದೆಹಲಿ, ಪಂಜಾಬ್-ಹರಿಯಾಣ ಹೈಕೋರ್ಟುಗಳಿಂದ ಬರುವ ಮೇಲ್ಮನವಿಗಳ ಪ್ರಮಾಣ ದೂರದ ರಾಜ್ಯಗಳದಕ್ಕಿಂತ ಬಹಳ ಹೆಚ್ಚು. ಪ್ರಾದೇಶಿಕ ಪೀಠಗಳನ್ನು ತೆರೆಯಿರಿ ಎಂದು ಕಾನೂನು ಆಯೋಗ 2009ರಲ್ಲೇ ಶಿಫಾರಸು ಮಾಡಿದ್ದು ಇದಕ್ಕೇ.

ನಾನು ಕೇಳುವುದು ಇಷ್ಟೆ: ಮೂಲ ದಾವೆಗಳಲ್ಲಿ, ದಾವೆ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಗೊತ್ತಾದ ಅವಧಿಯೊಳಗೆ ಮೊದಲು ತೀರ್ಮಾನಿಸಬೇಕು. ಅವಧಿ ಮೀರಿದರೆ ಕಾರಣವನ್ನು ಬರೆದಿಡಬೇಕು. ತೀರ್ಪು ನಮ್ಮ ವಿರುದ್ಧ ಬಂದೀತೆಂದು ಹೆದರಿ ಇದನ್ನು ಕೇಳದೇ ಇರುವುದು ಕನ್ನಡಿಗರಿಗೂ ಶೋಭೆಯಲ್ಲ, ನಮ್ಮ ವಾದ ಅಷ್ಟು ದುರ್ಬಲವೂ ಅಲ್ಲ. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ. ರಾಷ್ಟ್ರಪತಿಯ ಒಪ್ಪಿಗೆಯೊಂದಿಗೆ ತನ್ನ ನಿಯಮಗಳನ್ನು ತಾನೇ ಮಾಡಿಕೊಳ್ಳುವ ಅಧಿಕಾರ 145ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮೊದಲಿನಿಂದಲೂ ಇದೆ.