ಚೌಡಿಕೆ ಹೋಯ್ತು, ಗಿಟಾರು ಬಂತು!

ಚಿತ್ರಪ್ರೇಮಿಗಳೇ, ಕಾಲ್‌ಷೀಟ್ ಕೊಡದೆ ಸತಾಯಿಸುವ ತಾರೆಯರಿಗೆ ಈಗ ನಡುಕ ಹುಟ್ಟಿರಬೇಕು! 2025ರಲ್ಲಿ ತೆರೆಗೆ ಬಂದ ಕನ್ನಡದ 'ಲವ್ ಯು' ಚಿತ್ರಕ್ಕೆ ನಾಯಕನೂ ಬೇಕಾಗಲಿಲ್ಲ, ನಾಯಕಿಯೂ ಬೇಕಾಗಲಿಲ್ಲ. ಬೆಂಗಳೂರಿನ ಅರ್ಚಕ ನರಸಿಂಹಮೂರ್ತಿ ನಿರ್ದೇಶಕರು, ನೂತನ್ ತಂತ್ರಜ್ಞರು. ತೆರೆಯ ಮೇಲಿನ ಮುಖಗಳೆಲ್ಲ ಎಐ, ಅಂದರೆ ಕೃತಕ ಬುದ್ಧಿಮತ್ತೆ ಹುಟ್ಟಿಸಿದವು. 95 ನಿಮಿಷದ ಚಿತ್ರ, ಖರ್ಚು ಸುಮಾರು 10 ಲಕ್ಷ. ನಮ್ಮ ಕಡೆ ದೊಡ್ಡ ಮದುವೆಯೊಂದಕ್ಕೂ ಸಾಲದ ರೊಕ್ಕ!

ಈ ಗಾಳಿ ನಮ್ಮ ಹುಲಿಗಿಗೂ ಬೀಸಿದೆ. ಮೊನ್ನೆ ಹುಣ್ಣಿಮೆ ದಿನ ಚಹಾದಂಗಡಿಯಲ್ಲಿ ಕಾಲೇಜು ಹುಡುಗನೊಬ್ಬ "ಕಾಕಾ, ನನ್ನ ಪಿಕ್ಚರ್ ನೋಡ್ರಿ" ಅಂತ ಫೋನು ಮುಂದೆ ಹಿಡಿದ. ಎರಡು ನಿಮಿಷದ ಹುಲಿಗೆಮ್ಮನ ಜಾತ್ರೆ. ಎಂಟೆಂಟು ಸೆಕೆಂಡಿನ ತುಣುಕು ಮಾಡಿಸಿ ಪೋಣಿಸಿದ್ದ. ನೋಡಲು ಭರ್ಜರಿ! ಆದರೆ ಮೊದಲ ತುಣುಕಿನ ಜೋಗಮ್ಮ ಮೂರನೆಯದರಲ್ಲಿ ಬೇರೆಯೇ ಹೆಂಗಸು. ಚೌಡಿಕೆ ಇರಬೇಕಾದ ಕೈಯಲ್ಲಿ ಗಿಟಾರು! ತುಂಗಭದ್ರೆಯ ದಂಡೆಗೆ ಕಾಶಿಯ ಘಾಟು, ಹಿಂದೆ ಹಿಮದ ಬೆಟ್ಟ!

ಪಕ್ಕದಲ್ಲಿ ಪಡಲಗಿ ಇಳಿಸಿ ಕೂತಿದ್ದ ಜೋಗಮ್ಮಜ್ಜಿ ಇಣುಕಿ ನೋಡಿ, "ತಮ್ಮಾ, ಇದರಾಗ ನಾವೆಲ್ಲಿ ಅದೀವೋ?" ಅಂದಳು.

ಹುಡುಗ ತಲೆ ಕೆರೆದುಕೊಂಡ. "ಮಷೀನಿಗೆ ಚೌಡಿಕಿ ಗೊತ್ತಿಲ್ಲಬೇ ಯವ್ವಾ, ನಾಕು ಸಲ ಹೇಳಿ ನೋಡಿದೆ."

ಗೊತ್ತಾಗುವುದಾದರೂ ಹೇಗೆ? ಅದು ನೋಡಿದ ಚಿತ್ರಗಳಿಂದ ಕಲಿಯುವ ಯಂತ್ರ. ಗಿಟಾರು ಅದಕ್ಕೆ ರಾಶಿ ರಾಶಿ ಸಿಕ್ಕಿದೆ, ಚೌಡಿಕೆ ಸಿಕ್ಕಿದ್ದು ಹಿಡಿಯಷ್ಟು. ತಿಳಿಯದಿದ್ದರೆ ಸುಮ್ಮನಿರುವ ಸಂಕೋಚವೂ ಅದಕ್ಕಿಲ್ಲ, ಊಹಿಸಿ ತುಂಬಿಬಿಡುತ್ತದೆ. ಮಂಜಮ್ಮ ಜೋಗತಿಯವರು ಜೋಗತಿಯಾದದ್ದು ಇದೇ ಹುಲಿಗೆಮ್ಮನ ಸನ್ನಿಧಿಯಲ್ಲಿ. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥ ಊರಿನ ಮಕ್ಕಳು ನಾಳೆ ಗಿಟಾರನ್ನೇ ನಿಜ ಅಂದುಕೊಂಡರೆ, ಎದುರಿಗೆ ಕೂತು ಹಾಡುವ ಅಜ್ಜಿಯೇ ಸುಳ್ಳಾಗಿಬಿಡುತ್ತಾಳೆ ಸ್ವಾಮೀ!

ಎಐ ಬೇಡ ಅಂತಲ್ಲ. 2024ರ ಆಗಸ್ಟ್ 10ರ ರಾತ್ರಿ ಪಕ್ಕದ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತಲ್ಲ, ಆ ಕತ್ತಲಲ್ಲಿ ಗೇಟಿನ ಬುಡಕ್ಕೆ ಕ್ಯಾಮೆರಾ ಒಯ್ಯುವ ಗಂಡೆದೆ ಯಾರಿಗಿದೆ? ಅಂಥ ದೃಶ್ಯಕ್ಕೆ ಯಂತ್ರ ದುಡಿಯಲಿ. 'ಇದು ಎಐ' ಅಂತ ತೆರೆಯ ಮೇಲೆ ದಪ್ಪಕ್ಷರದಲ್ಲಿ ಬರೆದುಬಿಡಿ. ಜೋಗಮ್ಮನ ಮುಖಕ್ಕೆ, ದನಿಗೆ ಮಾತ್ರ ಜೇಬಿನ ಫೋನೇ ಸಾಕು. ಒಪ್ಪಿಗೆ ಕೇಳಿ, ಸಂಭಾವನೆ ಕೈಗಿಟ್ಟು ಚಿತ್ರೀಕರಿಸಿ.

ಹುಲಿಗಿಯಲ್ಲೇ ಕೂತು ಹುಲಿಗಿಯನ್ನು ಯಂತ್ರದ ಹತ್ತಿರ ಯಾಕೆ ಬೇಡುತ್ತೀರಿ, ತಮ್ಮಂದಿರಾ? ಗಿಟಾರಿಲ್ಲದ ಪಿಕ್ಚರ್ ತೋರಿಸಿ, ಚಹಾ ನನ್ನ ಲೆಕ್ಕಕ್ಕೆ!